ಗುರುವಾರದ ರೈಲಿಗೆ ಮುಂಚೆ ಒಂದು ಸ್ಲೈಡು

ನನ್ನ ಕಣ್ಣಿನ ಬಗ್ಗೆ ನನಗೆ ಸೊಕ್ಕಿತ್ತು. ಈಗ ಸೊಕ್ಕು ಎಂದು ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಅದನ್ನು ಅನುಭವ ಅಂದುಕೊಂಡಿದ್ದೆ. ಕೂಕಟ್‌ಪಲ್ಲಿಯ ಸಣ್ಣ ಲ್ಯಾಬೊಂದಕ್ಕೆ ಟೆಕ್ನಿಶಿಯನ್ ಆಗಿ ಸೇರುವ ಮೊದಲು ನಾನು ಆರು ವರ್ಷ ಒಂದು ಕುಷ್ಠರೋಗದ ಆಸ್ಪತ್ರೆಯಲ್ಲಿದ್ದೆ. ಅಲ್ಲಿ ನನ್ನದು ಒಂದೇ ಕೆಲಸ. ರೋಗಿಯ ಕಿವಿಯ ಹಾಲೆಯನ್ನೋ ಹುಬ್ಬನ್ನೋ ಮಚ್ಚೆಯನ್ನೋ ಎರಡು ಬೆರಳಲ್ಲಿ ಬಿಗಿಯಾಗಿ ಚಿವುಟಿ ಹಿಡಿಯುವುದು, ರಕ್ತ ಸರಿದು ಚರ್ಮ ಬಿಳಿಚಿಕೊಂಡ ಮೇಲೆ ಬ್ಲೇಡಿನಿಂದ ಸಣ್ಣ ಗೀರು ಹಾಕುವುದು, ಗೀರಿನೊಳಗಿನ ರಸ ಕೆರೆದು ಗಾಜಿನ ಸ್ಲೈಡಿಗೆ ಸವರುವುದು. ಆಮೇಲೆ ಬಣ್ಣ ಹಾಕಿ, ಕೆಂಪು ಕಡ್ಡಿಯ ಹಾಗೆ ಕಾಣುವ ಕುಷ್ಠದ ರೋಗಾಣುಗಳನ್ನು ಮೈಕ್ರೋಸ್ಕೋಪಿನಲ್ಲಿ ಹುಡುಕುವುದು. ಎಷ್ಟು ಮುಖ ನೋಡಿದೆನೋ ಲೆಕ್ಕವಿಲ್ಲ. ಕೊನೆಕೊನೆಗೆ ಬಾಗಿಲಲ್ಲಿ ನಿಂತವರ ಮುಖ ನೋಡಿಯೇ, ಡಾಕ್ಟರಿಗಿಂತ ಮುಂಚೆ, ಹೌದು ಅದೇ ಎಂದುಬಿಡುತ್ತಿದ್ದೆ. ಬಹಳ ಸಲ ಸರಿಯಾಗುತ್ತಿತ್ತು. ತಪ್ಪಿದ ಸಲಗಳನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ಹೈದರಾಬಾದಿನ ಪಶ್ಚಿಮಕ್ಕೆ ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ ಅದು. ಅವುಗಳ ನೌಕರರು ಬಂದು ಇರಲಿ ಎಂದು ಮಿಯಾಪುರದಲ್ಲಿ ಬಂಡೆ ಒಡೆದು ಫ್ಲಾಟು ಎಬ್ಬಿಸುತ್ತಿದ್ದರು. ಎಬ್ಬಿಸುವವರೆಲ್ಲ ನಮ್ಮ ಕಡೆಯವರೇ. ನನ್ನ ಚಿಕ್ಕವ್ವನ ಮಗಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಗಂಡ ಮತ್ತು ಅತ್ತೆಯ ಜೊತೆ ಸೇಡಂ ಕಡೆಯಿಂದ ಬಂದು ಅಂಥ ಒಂದು ಕಟ್ಟಡದ ತಗಡಿನ ಶೆಡ್ಡಿನಲ್ಲಿ ಬಿಡಾರ ಹೂಡಿದ್ದಳು. ಗಂಡ ಸರಳು ಬಗ್ಗಿಸುವ ಕೆಲಸ, ಇವಳು ಇಟ್ಟಿಗೆ ಹೊರುವುದು. ಏಳು ತಿಂಗಳ ಹೆಣ್ಣು ಕೂಸನ್ನು ಅತ್ತೆ ನೋಡಿಕೊಳ್ಳುತ್ತಿದ್ದಳು, ಹಾಲು ಕುಡಿಸುವ ಹೊತ್ತಿಗೆ ಮೇಸ್ತ್ರಿ ಇವಳನ್ನು ಕೆಳಗೆ ಬಿಡುತ್ತಿದ್ದ. ಅವರು ಬಂದು ತಿಂಗಳಾದರೂ ನಾನು ಹೋಗಿರಲಿಲ್ಲ. ಒಂದು ಭಾನುವಾರ ಕೂಸಿನ ತಲೆಗೆ ಒಂದು ಕುಂಚಿಗೆ ಹಿಡಿದುಕೊಂಡು ಹೋದೆ.

ಅವಳು ಸೆರಗನ್ನು ಬಲಗೆನ್ನೆಯ ಮೇಲೆ ಎಳೆದುಕೊಂಡೇ ಮಾತಾಡುತ್ತಿದ್ದಳು. ನನ್ನೆದುರು ಯಾವ ನಾಚಿಕೆ ಎಂದು ನಾನೇ ಗದರಿ ಸರಿಸಿದೆ. ಕೆನ್ನೆಯ ಮೇಲೆ ರೂಪಾಯಿ ಅಗಲದ ಕೆಂಪು ಗಡ್ಡೆ, ನಡುವೆ ಒಣಗಿದ ಹಕ್ಕಳೆ, ಸುತ್ತ ಅಂಚು ಎತ್ತರ. ಅದೇ ಬದಿಯ ಕಿವಿಯ ಹಾಲೆ ದಪ್ಪಗೆ ಊದಿಕೊಂಡು ಹೊಳೆಯುತ್ತಿತ್ತು.

"ಐದು ತಿಂಗಳಾತು ಅಕ್ಕಾ," ಅಂದಳು. "ಮೊದಲ ಸೊಳ್ಳಿ ಕಡದಂಗ ಒಂದು ಗುಳ್ಳಿ ಎದ್ದಿತ್ತು. ನೋವಿಲ್ಲ, ಏನಿಲ್ಲ. ಮೆಡಿಕಲ್ ಶಾಪಿನ್ಯಾಗ ಎರಡು ಥರ ಮುಲಾಮು ಕೊಟ್ರು. ಮಾಯವಲ್ದು ನೋಡು."

ನಾನು ಆ ಕಿವಿ ನೋಡಿದೆ. ಆರು ವರ್ಷ ಅಂಥ ಕಿವಿಗಳನ್ನೇ ಚಿವುಟಿದ್ದವಳು. ಮುಟ್ಟಲಿಲ್ಲ, ಹತ್ತಿರ ಬಗ್ಗಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ. ಗಟ್ಟಿಯಾಗಿ, ನನಗೆ ಗೊತ್ತಿದೆ ಎಂಬುದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬಂತೆ ಅಂದುಬಿಟ್ಟೆ: "ಇದು ಕುಷ್ಠ ಇದ್ದಂಗ ಐತಲ್ಲೇ."

ಥೂ, ಆ ಗಳಿಗೆಯಲ್ಲಿ ನನ್ನ ಬಾಯಿಗೆ ಯಾರಾದರೂ ಮಣ್ಣು ತುಂಬಬೇಕಿತ್ತು. ಮುಂದಿನ ಮಾತುಗಳನ್ನೂ ನಾನು ಹೇಳಿದೆ, ಸುಳ್ಳಲ್ಲ. ಹೆದರಬ್ಯಾಡ, ಈಗ ಗುಳಿಗಿ ಬಂದಾವ, ಪೂರಾ ವಾಸಿ ಆಗತೈತಿ, ಕೂಸಿಗೆ ಹಾಲು ಕುಡಸಾಕ ಏನೂ ಅಡ್ಡಿ ಇಲ್ಲ, ನಾಳೆ ಲ್ಯಾಬಿಗೆ ಬಾ, ಟೆಸ್ಟ್ ಮಾಡೂಣು. ಎಲ್ಲ ಹೇಳಿದೆ. ಮೊದಲ ಮಾತಿನ ನಂತರ ಯಾರ ಕಿವಿಯೂ ನನ್ನ ಕಡೆ ಇರಲಿಲ್ಲ. ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅತ್ತೆಯ ಕೈ ಮೊರದ ಮೇಲೆ ನಿಂತಿತು. ಪಕ್ಕದ ಶೆಡ್ಡಿನ ಹೆಂಗಸು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋದಳು. ತಂಗಿ ಮತ್ತೆ ಸೆರಗು ಎಳೆದುಕೊಂಡಳು. ನಾನು ಚಹಾ ಕುಡಿದು, ಕೂಸನ್ನು ಮುದ್ದಾಡಿ ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವ ಹೊತ್ತಿಗೆ ತಂಗಿಯ ಗಂಡ ಮೆಟ್ಟಿಲ ಮೇಲೆ ಕೂತಿದ್ದ.

"ಅಕ್ಕಾರ, ಅವ್ವ ಕೂಸಿನ್ನ ಕಸಗೊಂಡಾಳ್ರಿ," ಅಂದ. "ನಿನ್ನಿ ಸಂಜಿಂದ ಹಾಲು ಕುಡಸಾಕ ಬಿಟ್ಟಿಲ್ಲ. ಬಾಟ್ಲಿ ಹಾಲು ಹಾಕಾಕತ್ಯಾಳ. ಈಕಿ ಎದಿ ಹಾಲು ಕಟ್ಟಿ ಕಲ್ಲಾಗೈತಿ, ಕುಂತು ಅಳಾಕತ್ಯಾಳ. ಗುರುವಾರ ಲಿಂಗಂಪಲ್ಲಿಗಿ ಹೋಗಿ ರೈಲು ಹತ್ತತೀನಿ, ಕೂಸಿನ್ನ ಊರಿಗಿ ಒಯ್ತೀನಿ ಅಂತಾಳ. ಮೇಸ್ತ್ರಿನೂ ಈಕಿನ್ನ ನೀರಿನ ಡ್ರಮ್ಮಿನ ಹತ್ರ ಬರಬ್ಯಾಡ ಅಂದಾನ."

"ನೀ ಸುಮ್ಮನ ನಿಂತು ನೋಡಿದೇನು? ನಿನಗ ಬಾಯಿ ಇಲ್ಲೇನು?" ಎಂದು ಅವನ ಮೇಲೆ ಹರಿಹಾಯ್ದೆ. ನನ್ನ ಬಾಯಿಂದ ಆದ ಅನಾಹುತಕ್ಕೆ ಅವನ ಬಾಯಿ ಕೇಳಿದೆ, ನೋಡಿ ನನ್ನ ನ್ಯಾಯ.

ಅವನು ತಲೆ ಎತ್ತಲಿಲ್ಲ. "ನೀವೇ ಅಂದ್ರಿ ಅಲ್ರಿ," ಎಂದ, ಮೆಲ್ಲಗೆ. ಬೈಯುವ ದನಿಯೂ ಇರಲಿಲ್ಲ ಅದರಲ್ಲಿ.

ಮಧ್ಯಾಹ್ನ ತಂಗಿಯನ್ನು ಲ್ಯಾಬಿಗೆ ಕರೆಸಿದೆ. ಮೊದಲ ದಿನವೇ ಮಾಡಬೇಕಾದ್ದನ್ನು ಆಗ ಮಾಡಿದೆ: ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯೊಂದನ್ನು ಗಡ್ಡೆಯ ಮೇಲೆ, ಅಂಚಿನ ಮೇಲೆ, ಕಿವಿಯ ಮೇಲೆ ಸೋಕಿಸಿ, ಮುಟ್ಟಿದ್ದು ಗೊತ್ತಾದಾಗ ಬೆರಳಿಟ್ಟು ತೋರಿಸು ಅಂದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಸಾಮಾನ್ಯವಾಗಿ ಮಂಕಾಗಿರುತ್ತದೆ. ಇವಳು ಒಂದು ಸಲವೂ ತಪ್ಪದೆ, ಎಳೆ ಸೋಕಿದ ಜಾಗಕ್ಕೇ ಬೆರಳಿಟ್ಟಳು. ಕಿವಿಗೆ ಸೋಕಿಸಿದಾಗ ಕಚಗುಳಿಯಾಗಿ ತಲೆ ಎಳೆದುಕೊಂಡಳು. ಎರಡೂ ಕಿವಿ, ಹುಬ್ಬು, ಗಡ್ಡೆ, ಎಲ್ಲ ಕಡೆ ಗೀರಿ ಸ್ಲೈಡು ಮಾಡಿ, ಕುಷ್ಠಕ್ಕೆ ಹಾಕುವ ಬಣ್ಣ ಹಾಕಿ ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಜರಡಿ ಹಿಡಿದೆ. ಒಂದು ಕೆಂಪು ಕಡ್ಡಿಯೂ ಇಲ್ಲ. ಕಿವಿಹಾಲೆ ಅಷ್ಟು ಊದುವ ಬಗೆಯ ಕುಷ್ಠದಲ್ಲಿ ಕಡ್ಡಿಗಳು ಕಟ್ಟುಕಟ್ಟಾಗಿ ತುಂಬಿರಬೇಕು.

ಅದು ಕುಷ್ಠವಲ್ಲ. ನಾನು ಕುಣಿಯಬೇಕಿತ್ತು, ಸ್ಲೈಡುಗಳನ್ನು ಮತ್ತೆ ಮತ್ತೆ ಎಣಿಸುತ್ತ ಕೂತೆ. ಇದಲ್ಲದಿದ್ದರೆ ಮತ್ತೇನು? ನನಗೆ ಗೊತ್ತಿದ್ದದ್ದು ಅದೊಂದೇ.

ಆದರೂ ಸಂಜೆಯ ಬೆಳಕಿರುವಾಗಲೇ ಮಿಯಾಪುರಕ್ಕೆ ಓಡಿದೆ. ಅತ್ತೆ ಕೂಸನ್ನು ದಪ್ಪ ಟವಲಿನಲ್ಲಿ ಸುತ್ತಿ, ನಾಲ್ಕು ಶೆಡ್ಡು ಆಚೆ, ಊರವರೊಬ್ಬರ ಬಿಡಾರದಲ್ಲಿ ಕೂತಿದ್ದಳು. ಕೂಸು ಬಾಟಲಿಯ ರಬ್ಬರನ್ನು ನಾಲಿಗೆಯಿಂದ ಹೊರಗೆ ನೂಕಿ ನೂಕಿ ಅಳುತ್ತಿತ್ತು. ತಂಗಿ ತನ್ನ ಶೆಡ್ಡಿನ ಬಾಗಿಲಲ್ಲಿ ನಿಂತು ಆ ಅಳು ಕೇಳಿಸಿಕೊಳ್ಳುತ್ತಿದ್ದಳು. ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು.

"ಅತ್ತಿ, ನಂದು ತಪ್ಪಾತ್ರಿ. ಟೆಸ್ಟ್ ಮಾಡೀನಿ. ಅದು ಕುಷ್ಠ ಅಲ್ಲ," ಅಂದೆ.

"ಅದಲ್ಲಂದ್ರ ಮತ್ತ ಯಾವದು? ಹೆಸರು ಹೇಳು."

"ಹೆಸರು ಗೊತ್ತಾಗಬೇಕು. ನಾಳೆ ದೊಡ್ಡ ಡಾಕ್ಟರು ಬರ್ತಾರ."

"ಯವ್ವಾ ತಾಯಿ, ನಿನ್ನಿ ನಿನಗ ಹೆಸರು ಗೊತ್ತಿತ್ತು, ಇವತ್ತು ಇಲ್ಲ," ಎಂದಳು ಅತ್ತೆ. "ಹೆಸರಿಲ್ಲದ ರೋಗಕ್ಕ ನನ್ನ ಮೊಮ್ಮಗಳನ್ನ ಹ್ಯಾಂಗ ಕೊಡಲಿ? ಗುರುವಾರದೊಳಗ ಹೆಸರು ತಂದಿ ಅಂದ್ರ ಕೇಳ್ತೀನಿ. ಇಲ್ಲಂದ್ರ ಹತ್ತೂವರಿ ರೈಲಿಗಿ ಹೊಂಟೆ."

ಸಿಟ್ಟು ನೆತ್ತಿಗೇರಿತು. ಹಠಮಾರಿ ಮುದುಕಿ, ಕಲ್ಲು ಮನಸ್ಸಿನವಳು ಎಂದು ಬಸ್ಸಿನುದ್ದಕ್ಕೂ ಬೈದುಕೊಂಡೆ. ಲ್ಯಾಬಿನ ರಿಪೋರ್ಟಿನಲ್ಲಿ ನಾನು ದಿನಾ "ಕಾಣಲಿಲ್ಲ" ಎಂದು ಬರೆದು ಸಹಿ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ಅಷ್ಟಕ್ಕೆ ಯಾರಿಗೂ ನೆಮ್ಮದಿಯಾಗುವುದಿಲ್ಲ ಎಂದು ಹೇಳಲು ಒಬ್ಬ ಮುದುಕಿ ಬೇಕಾಯಿತು.

ನಮ್ಮ ಲ್ಯಾಬಿನ ಮೇಲಿನ ಮಹಡಿಗೆ ಮಂಗಳವಾರ ಸಂಜೆ ಚರ್ಮದ ಡಾಕ್ಟರೊಬ್ಬರು ಬರುತ್ತಿದ್ದರು. ಬೆಳಗಿನ ಹೊತ್ತು ಸರಕಾರಿ ಆಸ್ಪತ್ರೆಯಲ್ಲಿ ಕೆಲಸ, ವಯಸ್ಸಾದವರು, ಮಾತು ಕಡಿಮೆ, ಆಡಿದರೆ ತೆಲುಗು. ತಂಗಿಯನ್ನು ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿಸಿದೆ. ಅವರು ಕಿಟಕಿಯ ಹತ್ತಿರ ಕೂರಿಸಿ ಗಡ್ಡೆಯನ್ನು ನೋಡಿದರು, ಅಂಚನ್ನು ಒತ್ತಿ ನೋಡಿದರು, ಕತ್ತಿನ ಗಂಟು ಮುಟ್ಟಿ ನೋಡಿದರು. ನನ್ನ ರಿಪೋರ್ಟನ್ನು ಓದಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಹುಚ್ಚುಚ್ಚಾಗಿ ಕಂಡಿತು. ಕಳೆದ ವರ್ಷ ನೀನು ಎಲ್ಲಿದ್ದೆ?

ನಾನು ಕನ್ನಡದಲ್ಲಿ ಕೇಳಿದೆ. "ಊರಾಗಿದ್ದಿಲ್ಲೇನು ನೀ?"

"ಇಲ್ಲಕ್ಕಾ. ಬಾಣಂತನಕ್ಕ ಅಷ್ಟ ಊರಿಗಿ ಬಂದಿದ್ದೆ. ಅದರ ಮುಂಚೆ ರಾಜಸ್ತಾನ. ಕೇಬಲ್ ಹಾಕಾಕ ಕಾಲುವಿ ತೋಡೂದಿತ್ತಲ್ಲ, ನಮ್ಮ ಗ್ಯಾಂಗು ಪೂರಾ ಹೋಗಿತ್ತು, ಅಡಗಿಗಿ ಅಂತ ಅತ್ತಿಯವ್ವನೂ. ಬರೇ ಮರಳು. ಡೇರೆ ಹಾಕ್ಕೊಂಡು ಹತ್ತು ತಿಂಗಳಿದ್ವಿ."

ನನಗೆ ಗೊತ್ತೇ ಇರಲಿಲ್ಲ! ಚಿಕ್ಕವ್ವನ ಮಗಳು ಬಸುರಿಯಾಗಿ ಮರುಭೂಮಿಯಲ್ಲಿ ಗುದ್ದಲಿ ಹಿಡಿದದ್ದು, ಈ ಕಂಪ್ಯೂಟರ್ ಕಂಪನಿಗಳ ಮಾತು ಊರಿಂದೂರಿಗೆ ಹರಿಯುವ ಗಾಜಿನ ತಂತಿಗೆ ದಾರಿ ತೋಡಿದ್ದು, ಯಾವುದೂ ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಡಾಕ್ಟರು ತಲೆಯಾಡಿಸಿ ಇನ್ನೊಂದು ಪ್ರಶ್ನೆ ಹಾಕಿದರು. ಡೇರೆಯಲ್ಲಿ ಯಾವ ಮಗ್ಗುಲಿಗೆ ಮಲಗುತ್ತಿದ್ದೆ?

ಅವಳು ಯೋಚಿಸಿದಳು. "ಹೊಟ್ಟಿ ಭಾರ ಇತ್ತಲ್ಲ, ಎಡ ಮಗ್ಗಲಿಗೇ ಮಲಗಾಕಿ. ಮೈತುಂಬ ಹೊದ್ದುಕೊಂಡು ಮಾರಿ ಅಷ್ಟ ಹೊರಗ."

ಎಡ ಮಗ್ಗುಲಿಗೆ ಮಲಗಿದವಳ ಬಲಗೆನ್ನೆ, ಬಲಗಿವಿ. ಡಾಕ್ಟರು ನನ್ನ ಕಡೆ ತಿರುಗಿ ನಿಧಾನವಾಗಿ ವಿವರಿಸಿದರು. ಆ ಸೀಮೆಯಲ್ಲಿ ಮರಳುನೊಣ ಅಂತ ಒಂದು ಇದೆ, ಸೊಳ್ಳೆಗಿಂತ ಸಣ್ಣದು, ಸದ್ದಿಲ್ಲ. ಅದು ಕಚ್ಚಿದಾಗ ಲೀಶ್ಮೇನಿಯಾ ಎಂಬ ಪರಾವಲಂಬಿ ಚರ್ಮದೊಳಗೆ ಸೇರುತ್ತದೆ. ತಿಂಗಳುಗಟ್ಟಲೆ ಆದ ಮೇಲೆ, ಕಚ್ಚಿದ ಜಾಗದಲ್ಲೇ ಗುಳ್ಳೆ, ಆಮೇಲೆ ಎತ್ತರದ ಅಂಚಿನ, ನೋವಿಲ್ಲದ, ಮಾಯದ ಹುಣ್ಣು. ಮನುಷ್ಯರು ಮುಟ್ಟಿದ್ದರಿಂದ ಹರಡುವುದಿಲ್ಲ. ಅಂಚಿಗೆ ಸೂಜಿ ಚುಚ್ಚಿ ಔಷಧಿ ಕೊಟ್ಟರೆ ಗುಣವಾಗುತ್ತದೆ. ಕೆಲವರಿಗೆ ತಾನಾಗಿಯೇ ಮಾಯುತ್ತದೆ, ಕಾಗದದಂತೆ ತೆಳ್ಳಗಿನ ಒಂದು ಗುಳಿ ಕಲೆ ಉಳಿಯುತ್ತದೆ. "ಆದರೆ ಇದು ನನ್ನ ಅನುಮಾನ ಮಾತ್ರ," ಅಂದರು. "ಸ್ಲೈಡಿನಲ್ಲಿ ಕಾಣದೆ ನಾನು ಹೆಸರು ಬರೆಯುವುದಿಲ್ಲ. ಇದೇ ಥರದ್ದು ಚರ್ಮದ ಕ್ಷಯದಲ್ಲೂ ಬರುತ್ತದೆ, ಬೂಷ್ಟಿನ ರೋಗದಲ್ಲೂ ಬರುತ್ತದೆ."

"ನಾನು ಸ್ಲೈಡು ನೋಡಿದೆನಲ್ಲ ಸಾರ್, ಏನೂ ಇರಲಿಲ್ಲ."

"ನೀನು ಕುಷ್ಠದ ಬಣ್ಣ ಹಾಕಿ ಕುಷ್ಠ ಹುಡುಕಿದೆ. ಇದು ಆ ಬಣ್ಣಕ್ಕೆ ಸಿಕ್ಕುವುದಲ್ಲ. ಮಲೇರಿಯಾಕ್ಕೆ ಹಾಕುತ್ತೀಯಲ್ಲ ಜೀಮ್ಸಾ, ಅದನ್ನು ಹಾಕು. ಹಕ್ಕಳೆಯ ನಡುವಿನಿಂದ ತೆಗೆಯಬೇಡ, ಅಲ್ಲಿ ಸತ್ತ ಕಸ. ಅಂಚಿನಿಂದ ತೆಗಿ."

ಅಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು. ನಾನು ಕೆಳಗೆ ಓಡಿ ಬಂದು ಅಂಚಿನಿಂದ ತೆಗೆದೆ, ಒಣಗಿಸಿದೆ, ಜೀಮ್ಸಾ ಹಾಕಿದೆ. ಲೆನ್ಸಿಗೆ ಕಣ್ಣಿಟ್ಟರೆ ಎಲ್ಲೆಲ್ಲೂ ಚುಕ್ಕೆ. ನೇರಳೆ ಚುಕ್ಕೆ, ನೀಲಿ ಚುಕ್ಕೆ, ಜೀವಕೋಶದ ಒಳಗೆ, ಹೊರಗೆ, ಏನೂ ಇಲ್ಲದ ಗಾಜಿನ ಮೇಲೆ ಸಹ. ನನ್ನ ಬಾಟಲಿಯ ಬಣ್ಣ ಹಳೆಯದಾಗಿ ಗಸಿ ಕಟ್ಟಿತ್ತು. ಸೋಸದೆ ಸುರಿದಿದ್ದೆ. ಹೆದರಿದ ಕೈ ಏನು ಮಾಡುತ್ತದೆ ಹೇಳಿ? ಮಲೇರಿಯಾ ನೋಡಿ ನೋಡಿ ರೂಢಿಯಾದ ಕಣ್ಣಿಗೆ ಅಂಥ ಗಸಿ ಗೊತ್ತಾಗುತ್ತದೆ, ಬಿಟ್ಟು ಮುಂದೆ ಹೋಗುತ್ತದೆ. ಇಲ್ಲಿ ನಾನು ಹುಡುಕುತ್ತಿದ್ದುದೇ ಚುಕ್ಕೆಗಳನ್ನು. ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಆ ಪ್ರಾಣಿಯನ್ನು ನಾನು ಎಂದೂ ಕಂಡಿರಲಿಲ್ಲ. ಬೇಕೆಂದರೆ ಪ್ರತಿ ಕಸದಲ್ಲೂ ಅದನ್ನೇ ಕಾಣಬಹುದಿತ್ತು. ಬೇಕಾಗಿತ್ತು ಕೂಡ, ದೇವರಾಣೆ. ಡಾಕ್ಟರು ಹೊರಟುಹೋಗಿದ್ದರು. "ಸಿಕ್ಕಿತೇನಕ್ಕಾ?" ಎಂದು ಬೆಂಚಿನ ಮೇಲೆ ಕೂತ ತಂಗಿ ಕೇಳಿದಾಗ, ಹೂಂ ಅನ್ನುವ ಮಾತು ತುಟಿಯವರೆಗೂ ಬಂದಿತ್ತು. ಹೂಂ ಅಂದಿದ್ದರೆ ಅವತ್ತೇ ಕೂಸು ಅವಳ ಮಡಿಲಿಗೆ ಬರುತ್ತಿತ್ತೇನೋ.

"ಇಲ್ಲ," ಅಂದೆ. "ನಾಳೆ ಇನ್ನೊಂದು ಸಲ ತಗೀಬೇಕು."

ಅವಳು ಗೋಡೆಗೆ ತಲೆ ಆನಿಸಿದಳು. "ಕೂಸು ಬಾಟ್ಲಿ ರೂಢಿ ಮಾಡ್ಕೊಳ್ಳಾಕತ್ತೈತಂತ," ಅಂದಳು. "ಬೆಳಿಗ್ಗಿ ಅತ್ತಿಯವ್ವ ಹೇಳಿಕಳಿಸ್ಯಾಳ. ಪೂರಾ ಕುಡೀತಂತ." ಹಾಲು ಹಿಂಡಿ ಚೆಲ್ಲುತ್ತಿರು, ಬತ್ತಿಸಿಕೊಳ್ಳಬೇಡ ಅಂದೆ. ಅವಳು ಹೂಂಗುಟ್ಟಿದಳು.

ಬುಧವಾರ ಬೆಳಿಗ್ಗೆ ಲ್ಯಾಬಿನ ಮಾಲೀಕರನ್ನು ಕೇಳದೆಯೇ ಹೊಸ ಬಾಟಲಿ ಒಡೆದೆ. ಬಣ್ಣವನ್ನು ಎರಡು ಸಲ ಸೋಸಿದೆ, ಕಲಸುವ ನೀರನ್ನೂ ಹೊಸದಾಗಿ ಮಾಡಿದೆ. ತಂಗಿ ಬಂದಳು. ಮೂರನೇ ದಿನ ಮೂರನೇ ಸಲ ಅದೇ ಕೆನ್ನೆ ಚಿವುಟಿ ಬ್ಲೇಡು ಹಾಕಿದೆ. ಅವಳು ಅಲುಗಲಿಲ್ಲ. ಕೆರೆದು ಸವರಿ, ಗಾಳಿಗೆ ಒಣಗಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ, ಬಣ್ಣ ಹೊಯ್ದು ಅರ್ಧ ಗಂಟೆ ಗಡಿಯಾರ ನೋಡುತ್ತ ಕೂತೆ. ಹೊರಗೆ ರಕ್ತ ಕೊಡಲು ಬಂದವರು ಗೊಣಗುತ್ತಿದ್ದರು. ಗೊಣಗಲಿ.

ಈ ಸಲ ಗಾಜು ಸ್ವಚ್ಛವಾಗಿತ್ತು. ಹೊಲ ಉಳುವ ಹಾಗೆ ಸಾಲು ಬಿಡದೆ ನೋಡುತ್ತ ಹೋದೆ. ಒಂದು ಗಂಟೆ ಏನೂ ಇಲ್ಲ. ಕಣ್ಣಲ್ಲಿ ನೀರು ಬಂದು ಲೆನ್ಸು ಮಸುಕಾಯಿತು. ಒರೆಸಿಕೊಂಡು ಮತ್ತೆ ಬಗ್ಗಿದೆ. ಆಮೇಲೆ ಒಂದು ದೊಡ್ಡ ಜೀವಕೋಶ ಕಂಡಿತು, ಅದರ ಹೊಟ್ಟೆಯೊಳಗೆ ಸಣ್ಣ ಸಣ್ಣ ಅಂಡಾಕಾರಗಳು, ತಿಳಿ ನೀಲಿ. ಅಂಡಾಕಾರ ಸಾಲದು. ಒಳಗೆ ಕೆನ್ನೇರಳೆಯ ದುಂಡು ಬೊಟ್ಟು ಇರಬೇಕು, ಆ ಬೊಟ್ಟಿನ ಪಕ್ಕದಲ್ಲಿ ಅದಕ್ಕಿಂತ ಚಿಕ್ಕ, ಅದಕ್ಕಿಂತ ಕಡು ಬಣ್ಣದ ಒಂದು ಕಡ್ಡಿ ಇರಬೇಕು. ಎರಡೂ ಇದ್ದರೆ ಮಾತ್ರ ಅದು, ಒಂದೇ ಇದ್ದರೆ ಕಸ. ಫೋಕಸ್ಸಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಬೊಟ್ಟು ಇತ್ತು. ಪಕ್ಕದಲ್ಲಿ ಕಡ್ಡಿ ಇತ್ತು. ಇನ್ನೊಂದರಲ್ಲೂ ಇತ್ತು. ಮೂರನೆಯದರಲ್ಲೂ.

ನಾನು ಕೂಗಲಿಲ್ಲ. ಭಾನುವಾರದ ಕೂಗಿನಿಂದ ಅಷ್ಟಾದರೂ ಕಲಿತಿದ್ದೆ. ಸ್ಲೈಡನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎದೆಗವಚಿ, ಎರಡು ಬಸ್ಸು ಬದಲಿಸಿ ಡಾಕ್ಟರ ಸರಕಾರಿ ಆಸ್ಪತ್ರೆಗೆ ಹೋದೆ. ಅವರು ಊಟಕ್ಕೆ ಎದ್ದಿದ್ದರು. ಮತ್ತೆ ಕೂತು, ತಮ್ಮ ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ನಾನು ಯಾವ ಯಾವ ದೇವರಿಗೆ ಹರಕೆ ಹೊತ್ತೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಕೊನೆಗೆ ಅವರು "ಚೆನ್ನಾಗಿ ತೆಗೆದಿದ್ದೀಯ" ಅಂದರು, ಚೀಟಿಯ ಮೇಲೆ ಹೆಸರು ಬರೆದು ಸಹಿ ಹಾಕಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಗೊಳೋ ಎಂದು ಅತ್ತುಬಿಟ್ಟೆ. ಜನ ಯಾರೋ ತೀರಿಕೊಂಡರೆಂದು ತಿಳಿದು ದಾರಿ ಬಿಟ್ಟರು.

ಸಂಜೆ ಶೆಡ್ಡಿಗೆ ಹೋದರೆ ಅತ್ತೆ ಇರಲಿಲ್ಲ. ಲಿಂಗಂಪಲ್ಲಿಯಲ್ಲಿ ಊರವರ ಬಿಡಾರಕ್ಕೆ ಆಗಲೇ ಹೋಗಿದ್ದಳು, ಬೆಳಿಗ್ಗೆ ಅಲ್ಲಿಂದಲೇ ಸ್ಟೇಷನ್ನಿಗೆ. ಬಿಡಾರ ಎಲ್ಲಿ ಎಂದು ಮಗನಿಗೂ ಸರಿಯಾಗಿ ಗೊತ್ತಿರಲಿಲ್ಲ, ಅಥವಾ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ನಾನೂ ತಂಗಿಯೂ ಪ್ಲಾಟ್‌ಫಾರ್ಮಿನ ಮೇಲಿದ್ದೆವು.

ಪ್ಲಾಟ್‌ಫಾರ್ಮಿನ ತುಂಬ ನಮ್ಮ ಕಡೆಯ ಜನ. ತಾಂಡೂರು, ಸೇಡಂ, ಚಿತ್ತಾಪುರದ ಗಂಟುಮೂಟೆ, ಎಲ್ಲ ಪರಸ್ಪರ ಗುರುತಿನವರು. ಅತ್ತೆ ಒಂದು ಕಂಬದ ಬುಡದಲ್ಲಿ ಗಂಟಿನ ಮೇಲೆ ಕೂತಿದ್ದಳು, ಟವಲಿನಲ್ಲಿ ಕೂಸು. ತಂಗಿ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟಳು. ನಾಲ್ಕು ದಿನದಲ್ಲಿ ಅವಳಿಗೆ ಅದು ಅಭ್ಯಾಸವಾಗಿಹೋಗಿತ್ತು. ನಾನು ಹೋಗಿ ಚೀಟಿ ಹಿಡಿದೆ.

"ಹೆಸರು ಸಿಕ್ಕೈತ್ರಿ ಅತ್ತಿ. ಲೀಶ್ಮೇನಿಯಾಸಿಸ್ ಅಂತ. ಮರಳಿನ ನೊಣ ಕಡದು ಆಗೂ ಹುಣ್ಣು. ಮುಟ್ಟಿದ್ರ ಬರಂಗಿಲ್ಲ, ಹಾಲಿನಿಂದ ಬರಂಗಿಲ್ಲ. ದೊಡ್ಡ ಡಾಕ್ಟರ ಸಹಿ ಐತಿ ನೋಡ್ರಿ."

ಅವಳು ಚೀಟಿಯ ಕಡೆ ನೋಡಲೂ ಇಲ್ಲ. "ಓದಾಕ ಬರತೈತೇನು ನನಗ? ಭಾನುವಾರ ಒಂದು ಅಂದಿ. ಸೋಮವಾರ ಅದಲ್ಲ ಅಂದಿ. ಇವತ್ತ ನೊಣ ಅಂತಿ. ನಾಳಿಗಿ ಏನಂತಿ?"

ಎರಡು ಸಲ ಬಣ್ಣ ಸೋಸಿದ್ದು, ಎರಡು ಬಸ್ಸು ಬದಲಿಸಿದ್ದು, ಯಾವುದೂ ಆ ಪ್ರಶ್ನೆಗೆ ಉತ್ತರವಾಗಲಿಲ್ಲ. ರೈಲು ಬರುತ್ತಿದೆ ಎಂದು ಮೈಕಿನಲ್ಲಿ ಕೂಗಿದರು. ಅತ್ತೆ ಎದ್ದಳು. ಒಂದು ಕೈಯಲ್ಲಿ ಗಂಟು ಎ‌ತ್ತಿ, ಇನ್ನೊಂದು ಕೈಯಿಂದ ಕೂಸನ್ನು ಭುಜಕ್ಕೆ ಏರಿಸಿದಳು. ಬಳೆಗಳು ಮೊಣಕೈಗೆ ಜಾರಿದವು. ಮುಂಗೈಯ ಮೇಲೆ, ಅಷ್ಟು ದಿನ ಬಳೆಯ ಸಾಲಿನ ಅಡಿಯಲ್ಲಿದ್ದ ಜಾಗದಲ್ಲಿ, ರೂಪಾಯಿ ಅಗಲದ ಒಂದು ಕಲೆ. ಒಳಕ್ಕೆ ಗುಳಿ ಬಿದ್ದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೊಳೆಯುತ್ತಿತ್ತು.

ನನ್ನ ಬಾಯಿ ತೆರೆಯಿತು. ಎಲ್ಲ ನನ್ನ ಕೈಗೆ ಬಂದಿತ್ತು. ನೋಡ್ರಿ, ಅತ್ತಿಗೂ ಅದೇ ಆಗೈತಿ, ಅತ್ತಿ ಸತ್ತಾಳೇನು, ಕೂಸು ಸತ್ತೈತೇನು ಎಂದು ಪ್ಲಾಟ್‌ಫಾರ್ಮಿಗೇ ಕೇಳಿಸುವಂತೆ ಕೂಗಿದ್ದರೆ ಗೆದ್ದಿರುತ್ತಿದ್ದೆ. ಸುತ್ತ ಅವಳ ಊರಿನವರೇ ಇದ್ದರು. ಬಾಯಿ ಮುಚ್ಚಿಕೊಂಡೆ. ಹತ್ತಿರ ಹೋಗಿ, ಅವಳ ಕಿವಿಗೆ ಬಾಯಿ ತಾಗುವಷ್ಟು ಬಗ್ಗಿ ಕೇಳಿದೆ.

"ಅತ್ತಿ, ಕೈಮ್ಯಾಲಿಂದು ಯಾವಾಗ ಆಗಿದ್ದು?"

ಅವಳು ಗಂಟನ್ನು ಬಿಟ್ಟು ಬಳೆಗಳನ್ನು ಕೆಳಕ್ಕೆಳೆದುಕೊಂಡಳು. "ಒಲಿ ಸುಟ್ಟಿದ್ದು," ಅಂದಳು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಎಲ್ಲಾರಿಗೂ ಹಂಗ ಹೇಳೀನಿ. ಆ ಮರಳಿನ ಸೀಮ್ಯಾಗ, ಡೇರೇಕ ಹೋಗಿ ಎರಡು ತಿಂಗಳಿಗಿ ಎದ್ದಿತ್ತು. ಆರೇಳು ತಿಂಗಳು ಅರಿವಿ ಸುತಗೊಂಡು ಅಡಗಿ ಮಾಡೀನಿ, ತಾನಾಗೇ ಮಾಯಿತು. ನೀ ಭಾನುವಾರ ಆ ಹೆಸರು ಅಂದಿಯಲ್ಲ, ಅವತ್ತಿಂದ ನನಗ ಅನ್ನ ಇಳಿದಿಲ್ಲ ತಾಯಿ. ನಾನೇ ಆಕಿಗಿ ಹಚ್ಚೀನಿ ಅಂತ ತಿಳಕೊಂಡೆ. ಕೂಸಿನ್ನ ನನ್ನ ತಂಗಿ ಮನಿಯಾಗ ಬಿಟ್ಟು, ನಾನೂ ಅದಕ್ಕ ದೂರ ಇರೂಣು ಅಂತ ಹೊಂಟಿದ್ದೆ."

ಹಠಮಾರಿ ಅಂದಿದ್ದೆ, ಕಲ್ಲು ಅಂದಿದ್ದೆ. ನಾಲ್ಕು ದಿನ ಈ ಮುದುಕಿ ನಾನು ಎಸೆದ ಮಾತನ್ನು ಮೈಯೊಳಗೆ ಇಟ್ಟುಕೊಂಡು ಓಡಾಡಿದ್ದಳು. ಅವಳ ಕಿವಿಗೇ ಮತ್ತೆ ಬಗ್ಗಿದೆ. "ನೀವು ಆಕಿಗಿ ಕೊಟ್ಟಿಲ್ರಿ ಅತ್ತಿ. ಆಕಿ ಕೂಸಿಗೆ ಕೊಡಂಗಿಲ್ಲ. ಇಬ್ಬರಿಗೂ ಆ ಡೇರೆದಾಗಿನ ನೊಣ ಕೊಟ್ಟಿದ್ದು. ನಿಮ್ಮದು ಮಾಯ್ದೈತಿ, ಆಕಿದೂ ಮಾಯತೈತಿ."

"ಖರೇನೂ?"

"ಖರೇರಿ."

"ಯಾರ ಮುಂದೂ ಹೇಳಬ್ಯಾಡ."

"ಹೇಳಂಗಿಲ್ಲ."

ರೈಲು ಬಂದು ನಿಂತಿತು. ಜನ ನುಗ್ಗಿದರು. ಅತ್ತೆ ನುಗ್ಗಲಿಲ್ಲ. ಜನರ ನಡುವೆ ಎದುರು ಈಜಿಕೊಂಡು ಹೋಗಿ, ದೂರದಲ್ಲಿ ನಿಂತಿದ್ದ ಸೊಸೆಯ ತೋಳಿಗೆ ಕೂಸನ್ನು ಇಟ್ಟಳು. ತಂಗಿ ನಿಂತಲ್ಲೇ ಕುಸಿದು ಕೂತಳು. ಅತ್ತೆ ಅವಳಿಗೆ ಮರೆಯಾಗಿ, ಸೆರಗು ಅಗಲಿಸಿ, ಜನರ ಕಡೆ ಬೆನ್ನು ಮಾಡಿ ನಿಂತಳು.

ಕೂಸು ಬಾಯಿ ಹಾಕಲಿಲ್ಲ. ನಾಲ್ಕು ದಿನ ರಬ್ಬರು ಚೀಪಿದ ಬಾಯಿ. ಮುಖ ಅತ್ತಿತ್ತ ಹೊರಳಿಸಿ ಕಿರುಚಿತು, ನನ್ನ ಕಡೆ ನೋಡಿ ಇನ್ನೂ ಜೋರಾಗಿ ಕಿರುಚಿತು. ನಾನು ಪಕ್ಕಕ್ಕೆ ಮೊಣಕಾಲೂರಿ, ತಲೆ ಹೀಗೆ ಹಿಡಿ, ಸ್ವಲ್ಪ ಹಿಂಡಿ ತುಟಿಗೆ ಸವರು ಎಂದು ಹೇಳಿಕೊಡತೊಡಗಿದೆ. ಹೇಳಿಕೊಡುವುದು ನನ್ನ ಜಾಯಮಾನ.

ಅವಳು ತಲೆ ಎತ್ತಿದಳು. ಕೆನ್ನೆಯ ಮೇಲೆ ಮೂರು ದಿನದ ನನ್ನ ಮೂರು ಬ್ಲೇಡಿನ ಗೀರುಗಳಿದ್ದವು.

"ಅಕ್ಕಾ," ಅಂದಳು, ಸಿಟ್ಟಿಲ್ಲದೆ. "ನೀ ಸ್ವಲ್ಪ ಆ ಕಡಿ ಹೋಗಿ ನಿಂದ್ರು."

ನಾನು ಹೋಗಿ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯ ಕಂಬದ ಹತ್ತಿರ ಆ ಕಡೆ ಮುಖ ಮಾಡಿ ನಿಂತೆ. ರೈಲು ಹೋಯಿತು. ಅದರ ಸದ್ದು ಅಡಗಿದ ಮೇಲೆ ಕೂಸಿನ ಅಳುವೂ ನಿಂತಿದ್ದು ಗೊತ್ತಾಯಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಅವಳೇ ಕರೆಯಲಿ ಎಂದು ಕಾದೆ. ಅವಳು ಕರೆಯಲಿಲ್ಲ.